ನಿಯಮಕ್ಕೆ ಒಗ್ಗದ ಹರಳು: ಕ್ಯಾಲವರೈಟ್ ಖನಿಜದ ಆಕಾರ, ರಸಾಯನ ಮತ್ತು ರಚನೆ

1. ಪೀಠಿಕೆ

ಕನ್ನಡದಲ್ಲಿ ‘ಸ್ಫಟಿಕ’ ಎಂಬ ಶಬ್ದವು ಬಹುಕಾಲದಿಂದ ನಿರ್ಮಲತೆಯ ಸಂಕೇತವಾಗಿ ಬಳಕೆಯಲ್ಲಿದೆ. ಕಾವ್ಯಗಳಲ್ಲಿಯೂ ವಚನಗಳಲ್ಲಿಯೂ ಅದು ಬೆಳಕನ್ನು ತಡೆಯದ, ಒಳಗು ಹೊರಗುಗಳ ಭೇದವಿಲ್ಲದ ವಸ್ತು. ಖನಿಜವಿಜ್ಞಾನದಲ್ಲಿ ಈ ಶಬ್ದದ ಅರ್ಥ ಬೇರೆ. ಅಲ್ಲಿ ಸ್ಫಟಿಕವೆಂದರೆ ಪಾರದರ್ಶಕವಾದುದಲ್ಲ, ಕ್ರಮಬದ್ಧವಾದುದು. ಅಣುಗಳು ಒಂದು ನಿಶ್ಚಿತ ವ್ಯವಸ್ಥೆಯಲ್ಲಿ ಜೋಡಣೆಗೊಂಡಿರುವ ಘನವಸ್ತು, ಅದು ಹಾದುಹೋಗುವ ಬೆಳಕಿಗೆ ಎಡೆಗೊಡದಿದ್ದರೂ, ಸ್ಫಟಿಕವೇ ಆಗಿದೆ. ಉಪ್ಪು, ಸಕ್ಕರೆಗಳಂತೆ ಕಬ್ಬಿಣ, ಚಿನ್ನಗಳೂ ಸ್ಫಟಿಕಗಳೇ. ಈ ದೃಷ್ಟಿಯಿಂದ ‘ಹರಳು’ ಎಂಬ ದೇಶ್ಯ ಶಬ್ದವು ವಿಜ್ಞಾನದ ಅರ್ಥಕ್ಕೆ ಹೆಚ್ಚು ಹತ್ತಿರವಾಗಿದೆ. ‘ಹರಳುಗಟ್ಟು’ ಎನ್ನುವಾಗ ಕನ್ನಡಿಗರು ಸೂಚಿಸುವುದು ತಿಳಿತನವನ್ನಲ್ಲ, ಆಕಾರ ಪಡೆಯುವ ಕ್ರಿಯೆಯನ್ನು.

ಪ್ರಸ್ತುತ ಲೇಖನದ ವಸ್ತು ಅಂತಹ ಒಂದು ಅಪಾರದರ್ಶಕ ಹರಳು. ಕ್ಯಾಲವರೈಟ್ ಎಂಬುದು ಚಿನ್ನ ಮತ್ತು ಟೆಲ್ಯುರಿಯಂಗಳ ಸಂಯುಕ್ತವಾದ ವಿರಳ ಖನಿಜ. ಇದರ ಮುಖಗಳನ್ನು ಅಳೆದ ವಿದ್ವಾಂಸರಿಗೆ ಸ್ಫಟಿಕವಿಜ್ಞಾನದ ಮೂಲನಿಯಮವೊಂದು ಇಲ್ಲಿ ನಿಲ್ಲುವುದಿಲ್ಲವೆಂಬುದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಗೋಚರಿಸಿತು. ಅದಕ್ಕೆ ಸಮರ್ಪಕವಾದ ಉತ್ತರ ದೊರೆತುದು ಎಂಟು ದಶಕಗಳ ಅನಂತರ. ಈ ಅವಧಿಯಲ್ಲಿ ಬದಲಾದುದು ಅಳತೆಗಳಲ್ಲ, ನಿಯಮದ ವ್ಯಾಪ್ತಿ. ಖನಿಜದ ಆಕಾರ, ರಸಾಯನ ಮತ್ತು ಒಳರಚನೆಗಳನ್ನು ವಿವರಿಸುತ್ತ ಈ ಸಂಗತಿಯನ್ನು ಸ್ಪಷ್ಟಪಡಿಸುವುದು ಇಲ್ಲಿಯ ಉದ್ದೇಶ. ಶಾಸ್ತ್ರಕ್ಕೂ ಪ್ರಯೋಗಕ್ಕೂ ಇರುವ ಸಂಬಂಧವನ್ನು ಸದಾ ಚರ್ಚಿಸುವ ಭಾಷಾಸಾಹಿತ್ಯದ ಅಭ್ಯಾಸಿಗಳಿಗೆ ಇದು ಹೊರಗಿನ ವಿಷಯವೇನೂ ಅಲ್ಲ.

2. ಟೆಲ್ಯುರಿಯಂ ಮತ್ತು ಅದರ ಖನಿಜಗಳು

ಟೆಲ್ಯುರಿಯಂ ಭೂಮಿಯ ಹೊರಪದರದಲ್ಲಿ ಅತಿ ವಿರಳವಾಗಿ ದೊರೆಯುವ ಮೂಲವಸ್ತು. ಇಂದಿನ ರೊಮೇನಿಯಾಕ್ಕೆ ಸೇರಿದ ಟ್ರಾನ್ಸಿಲ್ವೇನಿಯಾದ ಚಿನ್ನದ ಅದಿರುಗಳಲ್ಲಿ ಇದನ್ನು ಮೊದಲು ಗುರುತಿಸಿದವನು ಮ್ಯೂಲರ್ ಫಾನ್ ರೈಖೆನ್‌ಸ್ಟೈನ್. ಕಾಲ 1782. ತನಗೆ ದೊರೆತ ವಸ್ತು ಆಗ ತಿಳಿದಿದ್ದ ಯಾವ ಲೋಹದೊಂದಿಗೂ ಹೊಂದದಿದ್ದುದರಿಂದ ಆತ ಅದನ್ನು ‘ಸಮಸ್ಯಾತ್ಮಕ ಲೋಹ’ವೆಂಬ ಅರ್ಥದ ಲ್ಯಾಟಿನ್ ಹೆಸರಿನಿಂದ ಕರೆದನು. 1798ರಲ್ಲಿ ಜರ್ಮನಿಯ ರಸಾಯನವಿಜ್ಞಾನಿ ಕ್ಲಾಪ್ರೋತ್ ಇದನ್ನು ಹೊಸ ಮೂಲವಸ್ತುವೆಂದು ಖಚಿತಪಡಿಸಿ, ಭೂಮಿ ಎಂಬರ್ಥದ ‘ಟೆಲ್ಲಸ್’ ಎಂಬ ಲ್ಯಾಟಿನ್ ಶಬ್ದದಿಂದ ಟೆಲ್ಯುರಿಯಂ ಎಂದು ನಾಮಕರಣ ಮಾಡಿದನು. ಹೀಗೆ ಈ ಮೂಲವಸ್ತುವಿನ ಚರಿತ್ರೆ ಆರಂಭದಿಂದಲೇ ‘ಸಮಸ್ಯೆ’ ಎಂಬ ಮಾತಿನೊಂದಿಗೆ ಹೆಣೆದುಕೊಂಡಿದೆ.

ಚಿನ್ನವು ನಿಸರ್ಗದಲ್ಲಿ ಬಹುಮಟ್ಟಿಗೆ ಶುದ್ಧಲೋಹವಾಗಿ ಅಥವಾ ಬೆಳ್ಳಿಯೊಂದಿಗೆ ಬೆರೆತು ದೊರೆಯುತ್ತದೆ. ಅದು ರಾಸಾಯನಿಕವಾಗಿ ಕೂಡಿಕೊಳ್ಳುವ ಮೂಲವಸ್ತುಗಳು ಕೆಲವೇ. ಅವುಗಳಲ್ಲಿ ಟೆಲ್ಯುರಿಯಂ ಪ್ರಮುಖವಾದುದು. ಚಿನ್ನದ ಟೆಲ್ಯುರೈಡುಗಳಲ್ಲಿ ಕ್ಯಾಲವರೈಟ್, ಸಿಲ್ವನೈಟ್, ಕ್ರೆನ್ನರೈಟ್ ಎಂಬ ಮೂರು ಹತ್ತಿರದ ಬಂಧುಗಳು. ಇವುಗಳಲ್ಲಿ ಸಿಲ್ವನೈಟ್ ಭಾಷಾಭ್ಯಾಸಿಗಳ ಕುತೂಹಲವನ್ನು ವಿಶೇಷವಾಗಿ ಕೆರಳಿಸುವಂತಹುದು. ಕಲ್ಲಿನ ಮೈಮೇಲೆ ಅದರ ತೆಳುವಾದ ಹರಳುಗಳು ಒಂದನ್ನೊಂದು ಕೋನಗಳಲ್ಲಿ ಕೂಡಿ ಹರಡಿಕೊಂಡಿರುವಾಗ ಅವು ಅಪರಿಚಿತ ಲಿಪಿಯ ಅಕ್ಷರಗಳಂತೆ ಕಾಣುತ್ತವೆ. ಆದಕಾರಣ ಜರ್ಮನ್ ಗಣಿಗಾರಿಕೆಯ ಪರಿಭಾಷೆಯಲ್ಲಿ ಅದಕ್ಕೆ ‘ಬರಹದ ಅದಿರು’ ಎಂಬ ಅರ್ಥದ ಹೆಸರು ರೂಢವಾಯಿತು. ಆ ‘ಬರಹ’ವನ್ನು ಯಾರೂ ಓದಬೇಕಾಗಿರಲಿಲ್ಲ. ನಿಜವಾಗಿ ಓದಬೇಕಾಗಿದ್ದುದು, ಅಕ್ಷರದ ಹೋಲಿಕೆಯೇನೂ ಇಲ್ಲದ ಕ್ಯಾಲವರೈಟಿನ ಮುಖಗಳನ್ನು.

3. ಕ್ಯಾಲವರೈಟ್: ಶೋಧ ಮತ್ತು ಲಕ್ಷಣಗಳು

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಕ್ಯಾಲವರಾಸ್ ಜಿಲ್ಲೆಯ ಸ್ಟ್ಯಾನಿಸ್ಲಾಸ್ ಗಣಿಯಲ್ಲಿ ಈ ಖನಿಜವು 1861ರಲ್ಲಿ ದೊರೆಯಿತು. ಇದನ್ನು ವಿಶ್ಲೇಷಿಸಿ 1868ರಲ್ಲಿ ಹೆಸರಿಟ್ಟವನು ಫ್ರೆಡರಿಕ್ ಆಗಸ್ಟಸ್ ಗೆಂತ್. ಖನಿಜದ ಹೆಸರು ಜಿಲ್ಲೆಯಿಂದ ಬಂದುದು. ಜಿಲ್ಲೆಯ ಹೆಸರಿನ ಮೂಲದಲ್ಲಿರುವ ಸ್ಪ್ಯಾನಿಷ್ ಶಬ್ದಕ್ಕೆ ತಲೆಬುರುಡೆಗಳು ಎಂದರ್ಥ.

ಕ್ಯಾಲವರೈಟಿನ ಬಣ್ಣ ಹಿತ್ತಾಳೆಯ ಹಳದಿಯಿಂದ ಬೆಳ್ಳಿಯ ಬಿಳುಪಿನವರೆಗೆ ಬದಲಾಗುತ್ತದೆ. ಲೋಹದ ಹೊಳಪಿದೆ. ಗಡಸುತನ ಮೋಸ್ ಮಾಪಕದಲ್ಲಿ 2.5ರಿಂದ 3, ತಾಮ್ರದ ನಾಣ್ಯದಷ್ಟು ಎನ್ನಬಹುದು. ಸಾಂದ್ರತೆ ನೀರಿನ ಒಂಬತ್ತು ಪಟ್ಟಿಗಿಂತ ತುಸು ಹೆಚ್ಚು. ಸಿಲ್ವನೈಟ್ ಒಂದು ದಿಕ್ಕಿನಲ್ಲಿ ನುಣುಪಾಗಿ ಸೀಳುತ್ತದೆ. ಕ್ಯಾಲವರೈಟಿಗೆ ಅಂತಹ ಸೀಳುವಿಕೆಯಿಲ್ಲ. ಎರಡನ್ನೂ ಬೇರ್ಪಡಿಸಿ ಗುರುತಿಸಲು ಇದೊಂದು ಸುಲಭವಾದ ಲಕ್ಷಣ.

ಹಳದಿ ಬಣ್ಣದ ಈ ಅದಿರನ್ನು ಬೆಲೆಯಿಲ್ಲದ ಗಂಧಕದ ಅದಿರೆಂದು ತಪ್ಪು ತಿಳಿಯುವುದು ಸುಲಭ. ಪಶ್ಚಿಮ ಆಸ್ಟ್ರೇಲಿಯಾದ ಕಲ್ಗೂರ್ಲಿಯಲ್ಲಿ 1893ರಲ್ಲಿ ಚಿನ್ನ ಪತ್ತೆಯಾದ ಮೇಲೆ ಆರಂಭದ ವರ್ಷಗಳಲ್ಲಿ ಟೆಲ್ಯುರೈಡ್ ಅದಿರನ್ನು ಗಣಿಯ ಕಸವೆಂದು ಎಸೆದು, ಬೀದಿಯ ಗುಂಡಿಗಳನ್ನು ಮುಚ್ಚಲು ಬಳಸಿದ್ದರೆಂದೂ, 1896ರಲ್ಲಿ ಅದರ ನಿಜಸ್ವರೂಪ ತಿಳಿದೊಡನೆ ಜನ ಆ ಬೀದಿಗಳನ್ನೇ ಅಗೆಯತೊಡಗಿದರೆಂದೂ ಅಲ್ಲಿ ಇಂದಿಗೂ ಹೇಳುತ್ತಾರೆ. ಹೇಳಿಕೆಯಲ್ಲಿ ಉತ್ಪ್ರೇಕ್ಷೆಯಿರಬಹುದಾದರೂ ಅದರ ತಿರುಳು ಈ ಖನಿಜದ ಸ್ವಭಾವಕ್ಕೆ ಅನುಗುಣವಾಗಿದೆ. ಕ್ಯಾಲವರೈಟಿನಲ್ಲಿ ಚಿನ್ನವಿದೆ, ಆದರೆ ಚಿನ್ನದ ರೂಪದಲ್ಲಿಲ್ಲ.

4. ರಸಾಯನ

ಕ್ಯಾಲವರೈಟಿನ ಸೂತ್ರ ಸರಳವಾದುದು. ಒಂದು ಚಿನ್ನದ ಅಣುವಿಗೆ ಎರಡು ಟೆಲ್ಯುರಿಯಂ ಅಣುಗಳು. ತೂಕದಲ್ಲಿ ಲೆಕ್ಕ ಹಾಕಿದರೆ ಚಿನ್ನ ಶೇಕಡಾ 43.6, ಟೆಲ್ಯುರಿಯಂ ಶೇಕಡಾ 56.4. ನಿಸರ್ಗದ ಮಾದರಿಗಳಲ್ಲಿ ಚಿನ್ನದ ಅಲ್ಪಭಾಗವನ್ನು ಬೆಳ್ಳಿ ಆಕ್ರಮಿಸಿಕೊಂಡಿರುವುದು ಸಾಮಾನ್ಯ. ಬೆಳ್ಳಿಯ ಪ್ರಮಾಣ ಹೆಚ್ಚಿ, ಚಿನ್ನ ಬೆಳ್ಳಿಗಳು ಸರಿಸುಮಾರು ಸಮವಾಗಿ ತಮ್ಮ ತಮ್ಮ ಸ್ಥಾನಗಳಲ್ಲಿ ನೆಲೆಗೊಂಡರೆ ಅದು ಸಿಲ್ವನೈಟ್.

ಕ್ಯಾಲವರೈಟನ್ನು ಇದ್ದಿಲಿನ ಮೇಲಿಟ್ಟು ಕಾಯಿಸಿದರೆ ಬೇಗನೆ ಕರಗಿ, ನೀಲಿ ಹಸಿರು ಜ್ವಾಲೆಯೊಂದಿಗೆ ಟೆಲ್ಯುರಿಯಂ ಹೊಗೆಯಾಗಿ ಹೋಗುತ್ತದೆ. ಚಿನ್ನದ ಗುಂಡು ಉಳಿಯುತ್ತದೆ. ಟೆಲ್ಯುರೈಡಿನಲ್ಲಿರುವ ಚಿನ್ನ ಸಯನೈಡ್ ದ್ರಾವಣದಲ್ಲಿ ಸುಲಭವಾಗಿ ಕರಗುವುದಿಲ್ಲವಾದ್ದರಿಂದ ಕಲ್ಗೂರ್ಲಿಯಲ್ಲಿಯೂ ಅಮೆರಿಕದ ಕೊಲರಾಡೊದ ಕ್ರಿಪ್ಪಲ್ ಕ್ರೀಕಿನಲ್ಲಿಯೂ ಅದಿರನ್ನು ಮೊದಲು ಹುರಿಯುವ ವಿಧಾನಗಳನ್ನು ರೂಢಿಸಿಕೊಳ್ಳಬೇಕಾಯಿತು.

ಸೂತ್ರ ಸರಳವಾಗಿದ್ದರೂ ಅದರ ಒಳಗೆ ಒಂದು ತೊಡಕಿದೆ. ಟೆಲ್ಯುರಿಯಂನ ಪ್ರತಿ ಅಣು ಎರಡು ಎಲೆಕ್ಟ್ರಾನುಗಳನ್ನು ಪಡೆಯುತ್ತದೆಂದು ಭಾವಿಸಿದರೆ ಚಿನ್ನ ನಾಲ್ಕನ್ನು ಬಿಟ್ಟುಕೊಡಬೇಕು. ಎರಡು ಟೆಲ್ಯುರಿಯಂ ಅಣುಗಳು ಜೋಡಿಯಾಗಿ ಬೆಸೆದುಕೊಂಡಿವೆಯೆಂದು ಭಾವಿಸಿದರೂ ಚಿನ್ನ ಎರಡನ್ನು ಬಿಟ್ಟುಕೊಡಬೇಕು. ಚಿನ್ನದ ಸ್ವಭಾವ ಇವೆರಡಕ್ಕೂ ಒಗ್ಗುವುದಿಲ್ಲ. ಅದು ಸಾಮಾನ್ಯವಾಗಿ ಒಂದನ್ನು ಅಥವಾ ಮೂರನ್ನು ಬಿಟ್ಟುಕೊಡುವ ಲೋಹ. ಒಂದನ್ನು ಬಿಟ್ಟಾಗ ಅದು ಎರಡು ನೆರೆಯ ಅಣುಗಳ ನಡುವೆ ಒಂದೇ ಸಾಲಿನಲ್ಲಿ ನಿಲ್ಲಲು ಬಯಸುತ್ತದೆ. ಮೂರನ್ನು ಬಿಟ್ಟಾಗ ಚೌಕದ ನಾಲ್ಕು ಮೂಲೆಗಳಲ್ಲಿರುವ ನೆರೆಯವುಗಳ ಮಧ್ಯೆ ನಿಲ್ಲುತ್ತದೆ. ಕ್ಯಾಲವರೈಟಿನ ಒಳರಚನೆಯ ವೈಚಿತ್ರ್ಯಕ್ಕೆ ಈ ದ್ವಂದ್ವದೊಂದಿಗೆ ನಿಕಟ ಸಂಬಂಧವಿದೆ.

5. ಆಕಾರ: ನಿಯಮ ಮತ್ತು ಅಪವಾದ

ಸ್ಫಟಿಕಗಳ ಹೊರ ಆಕಾರದಲ್ಲಿ ಕ್ರಮವಿದೆಯೆಂಬುದನ್ನು 1669ರಲ್ಲಿ ನಿಕೊಲಸ್ ಸ್ಟೆನೊ ತೋರಿಸಿದ್ದನು. ಹರಳು ದೊಡ್ಡದಿರಲಿ ಚಿಕ್ಕದಿರಲಿ, ಅದರ ಅನುರೂಪ ಮುಖಗಳ ನಡುವಣ ಕೋನ ಒಂದೇ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಅಯೂಯಿ ಇದಕ್ಕೆ ಕಾರಣವನ್ನು ಊಹಿಸಿದನು. ಇಟ್ಟಿಗೆಗಳಿಂದ ಮೆಟ್ಟಿಲು ಕಟ್ಟುವಾಗ ಅದರ ಇಳಿಜಾರು ಎಷ್ಟಿರಬೇಕೆಂಬುದು ಕಟ್ಟುವವನ ಇಚ್ಛೆಗೆ ಪೂರ್ತಿ ಬಿಟ್ಟುದಲ್ಲ; ಅಡ್ಡಕ್ಕೆ ಒಂದು ಇಟ್ಟಿಗೆಗೆ ಎತ್ತರಕ್ಕೆ ಒಂದು, ಎರಡಕ್ಕೆ ಒಂದು, ಮೂರಕ್ಕೆ ಎರಡು ಎಂಬಂತೆ ಪೂರ್ಣಸಂಖ್ಯೆಗಳ ಅನುಪಾತದಲ್ಲಿಯೇ ಅದು ಇರಬೇಕಾಗುತ್ತದೆ. ಸ್ಫಟಿಕವೂ ಒಂದೇ ಬಗೆಯ ಅತಿಸೂಕ್ಷ್ಮ ಘಟಕಗಳಿಂದ ಕಟ್ಟಲ್ಪಟ್ಟಿದ್ದರೆ ಅದರ ಮುಖಗಳ ಓರೆಯೂ ಹೀಗೆಯೇ ಇರಬೇಕು. 1839ರಲ್ಲಿ ವಿಲಿಯಂ ಮಿಲ್ಲರ್ ಪ್ರತಿ ಮುಖವನ್ನೂ ಮೂರು ಪೂರ್ಣಸಂಖ್ಯೆಗಳಿಂದ ಹೆಸರಿಸುವ ಕ್ರಮವನ್ನು ನೆಲೆಗೊಳಿಸಿದನು. ಈ ಸೂಚ್ಯಂಕಗಳು ಸಾಮಾನ್ಯವಾಗಿ ಸೊನ್ನೆ, ಒಂದು, ಎರಡು, ಮೂರರಂತಹ ಸಣ್ಣ ಸಂಖ್ಯೆಗಳು. ಇದೇ ಭಾಗಲಬ್ಧ ಸೂಚ್ಯಂಕಗಳ ನಿಯಮ. ಸಾವಿರಾರು ಖನಿಜಗಳಲ್ಲಿ ಇದು ನಿಂತಿತು.

ಕ್ಯಾಲವರೈಟಿನಲ್ಲಿ ಮಾತ್ರ ಅದು ನಿಲ್ಲಲಿಲ್ಲ. ಇದರ ಹರಳುಗಳು ಒಂದು ಅಕ್ಷದ ಗುಂಟ ನೀಳವಾಗಿ, ಪಟ್ಟಿಯಂತೆ ಬೆಳೆಯುತ್ತವೆ. ಅದೇ ದಿಕ್ಕಿನಲ್ಲಿ ಮೈತುಂಬ ಆಳವಾದ ಗೀರುಗಳಿರುತ್ತವೆ. ತುದಿಗಳಲ್ಲಿ ಹಲವಾರು ಸಣ್ಣ ಮುಖಗಳು ಹೊಳೆಯುತ್ತವೆ. ಕ್ರಿಪ್ಪಲ್ ಕ್ರೀಕಿನ ಹರಳುಗಳನ್ನು ಪೆನ್‌ಫೀಲ್ಡ್ ಮತ್ತು ಫೋರ್ಡ್ ಅಭ್ಯಸಿಸಿದರು. 1903ರಲ್ಲಿ ಇಂಗ್ಲೆಂಡಿನ ಹರ್ಬರ್ಟ್ ಸ್ಮಿತ್ ಪ್ರಕಟಿಸಿದ ಲೇಖನದ ಶೀರ್ಷಿಕೆಯಲ್ಲಿಯೇ ಈ ಖನಿಜದ ಆಕಾರವನ್ನು ಗಮನಾರ್ಹವಾದ ‘ಸಮಸ್ಯೆ’ಯೆಂದು ಕರೆಯಲಾಗಿದೆ. ಮುಖಗಳು ನುಣುಪಾಗಿವೆ, ಕೋನಗಳು ಹರಳಿನಿಂದ ಹರಳಿಗೆ ಬದಲಾಗದೆ ಮರಳಿ ಮರಳಿ ಬರುತ್ತವೆ. ಆದರೂ ಹೆಚ್ಚಿನ ಮುಖಗಳಿಗೆ ಸರಳವಾದ ಸೂಚ್ಯಂಕಗಳು ಕೂಡಿಬರುವುದಿಲ್ಲ.

ಈ ಸಮಸ್ಯೆಯನ್ನು ಅತ್ಯಂತ ವಿಸ್ತಾರವಾಗಿ ಎದುರಿಸಿದವರು ಹೈಡೆಲ್‌ಬರ್ಗಿನ ವಿಕ್ಟರ್ ಗೋಲ್ಡ್‌ಶ್ಮಿಟ್, ಹಾರ್ವರ್ಡಿನ ಚಾರ್ಲ್ಸ್ ಪಲಾಶ್ ಮತ್ತು ಮಾರ್ಟಿನ್ ಪೀಕಾಕ್. 1931ರಲ್ಲಿ ಪ್ರಕಟವಾದ ಅವರ ಅಧ್ಯಯನಕ್ಕೆ ನೂರಕ್ಕೂ ಹೆಚ್ಚು ಹರಳುಗಳ ಅಳತೆ ಆಧಾರವಾಗಿತ್ತು. ಒಂದೇ ಜಾಲಕವನ್ನು ಒಪ್ಪಿಕೊಂಡರೆ ಅನೇಕ ಮುಖಗಳಿಗೆ ನಂಬಲಾಗದಷ್ಟು ದೊಡ್ಡ ಸೂಚ್ಯಂಕಗಳು ಬರುತ್ತಿದ್ದವು. ಸಣ್ಣ ಸೂಚ್ಯಂಕಗಳು ಬೇಕೆಂದರೆ ಒಂದೇ ಹರಳಿನಲ್ಲಿ ಹಲವು ಜಾಲಕಗಳನ್ನು ಕಲ್ಪಿಸಬೇಕಾಗುತ್ತಿತ್ತು. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ನಿಯಮಕ್ಕೆ ಹೊಂದದ ಮುಖಗಳನ್ನು ಅವರು ‘ದೋಷ’ವೆಂದು ಕೈಬಿಡಲಿಲ್ಲ. ವಿವರಿಸಲಾಗದುದನ್ನೂ ಅಳೆದು, ಪಟ್ಟಿಮಾಡಿ, ಪ್ರಕಟಿಸಿದರು.

6. ಒಳರಚನೆ: ಜಾಲಕ ಮತ್ತು ಅಲೆ

1912ರಲ್ಲಿ ಲೌಅ ಮತ್ತು ಅವನ ಸಹಾಯಕರು ಸ್ಫಟಿಕಗಳ ಮೂಲಕ ಕ್ಷ-ಕಿರಣಗಳನ್ನು ಹಾಯಿಸಿ ವಿವರ್ತನೆಯ ಚಿತ್ರಗಳನ್ನು ಪಡೆದ ಅನಂತರ ಹೊರ ಆಕಾರದಿಂದ ಊಹಿಸಬೇಕಾಗಿದ್ದ ಒಳರಚನೆಯನ್ನು ನೇರವಾಗಿ ಅರಿಯುವುದು ಸಾಧ್ಯವಾಯಿತು. ಕ್ಯಾಲವರೈಟನ್ನು ಈ ವಿಧಾನದಿಂದ 1930ರ ದಶಕದಲ್ಲಿ ಟುನೆಲ್ ಮತ್ತು ಕ್ಸಾಂಡಾ ಪರೀಕ್ಷಿಸಿದರು. ಅದರ ಮೂಲಕೋಶ ಸಣ್ಣದು ಮತ್ತು ಸರಳವಾದುದು. ಇಂದಿನ ಅಳತೆಗಳಂತೆ ಅದರ ಅಂಚುಗಳು ಸುಮಾರು 7.19, 4.41 ಮತ್ತು 5.07 ಆಂಗ್‌ಸ್ಟ್ರಾಂ. ಇದು ಮಾನೋಕ್ಲಿನಿಕ್ ವರ್ಗಕ್ಕೆ, ಅಂದರೆ ಒಂದು ಅಕ್ಷ ಓರೆಯಾಗಿರಬಲ್ಲ ವರ್ಗಕ್ಕೆ ಸೇರಿದ್ದರೂ ಆ ಓರೆಯ ಕೋನ 90.04 ಡಿಗ್ರಿ ಮಾತ್ರ, ಲಂಬಕೋನವೆಂದೇ ತೋರುವಷ್ಟು. ಕೋಶವೊಂದರಲ್ಲಿ ಎರಡು ಚಿನ್ನದ ಅಣುಗಳು, ನಾಲ್ಕು ಟೆಲ್ಯುರಿಯಂ ಅಣುಗಳು. ಪ್ರತಿ ಚಿನ್ನದ ಅಣುವಿನ ಸುತ್ತ ಆರು ಟೆಲ್ಯುರಿಯಂಗಳಿದ್ದು, ಸರಾಸರಿಯಲ್ಲಿ ಎರಡು ಸುಮಾರು 2.67 ಆಂಗ್‌ಸ್ಟ್ರಾಂ ದೂರದಲ್ಲಿಯೂ ಉಳಿದ ನಾಲ್ಕು ಸುಮಾರು 2.98 ಆಂಗ್‌ಸ್ಟ್ರಾಂ ದೂರದಲ್ಲಿಯೂ ಇವೆ.

ಇಷ್ಟು ಸರಳವಾದ ಕೋಶದಿಂದ ಅಷ್ಟು ಜಟಿಲವಾದ ಮುಖಗಳು ಹುಟ್ಟಿದುದು ಹೇಗೆ? ಟುನೆಲ್ ಮತ್ತು ಕ್ಸಾಂಡಾರ ಚಿತ್ರಗಳಲ್ಲಿಯೇ ಅದಕ್ಕೆ ಸೂಚನೆಯಿತ್ತು. ಪ್ರಖರವಾದ ಮುಖ್ಯಬಿಂದುಗಳ ನಡುವೆ ಮಸುಕಾದ ಬಿಂದುಗಳಿದ್ದವು. ಅವು ಜಾಲಕದ ಲೆಕ್ಕಕ್ಕೆ ಸೇರುತ್ತಿರಲಿಲ್ಲ. ಆ ಬಿಂದುಗಳನ್ನೂ ಅವರು ದಾಖಲಿಸಿದರು. ಅವುಗಳ ಅರ್ಥ ತಿಳಿಯಲು ಬೇರೊಂದು ಪರಿಕಲ್ಪನೆ ಬೇಕಾಗಿತ್ತು.

ಆ ಪರಿಕಲ್ಪನೆಯನ್ನು ಕನ್ನಡದ ಛಂದಸ್ಸಿನ ಉದಾಹರಣೆಯಿಂದ ವಿವರಿಸಬಹುದು. ಮೂರು ಮಾತ್ರೆಯ ಗಣಗಳಲ್ಲಿ ಸಾಗುವ ಪದ್ಯವೊಂದಕ್ಕೆ ಐದು ಮಾತ್ರೆಗಳಿಗೊಮ್ಮೆ ತಾಳ ಹಾಕುತ್ತ ಹೋದರೆ ಗಣದ ಆರಂಭವೂ ತಾಳದ ಪೆಟ್ಟೂ ಹದಿನೈದು ಮಾತ್ರೆಗಳಿಗೊಮ್ಮೆ ಕೂಡುತ್ತವೆ. ಆಗ ಹದಿನೈದು ಮಾತ್ರೆಗಳ ದೊಡ್ಡ ಘಟಕವೊಂದು ಪುನರಾವರ್ತನೆಗೊಳ್ಳುತ್ತದೆಯೆಂದು ಹೇಳಬಹುದು. ಆದರೆ ಗಣಕ್ಕೂ ತಾಳಕ್ಕೂ ಇರುವ ಅನುಪಾತ ಪೂರ್ಣಸಂಖ್ಯೆಗಳ ಅನುಪಾತವೇ ಅಲ್ಲದಿದ್ದರೆ ಅವು ಒಮ್ಮೆ ಕೂಡಿ ಹೊರಟ ಮೇಲೆ ಮತ್ತೆಂದೂ ಕೂಡುವುದಿಲ್ಲ. ಗಣ ತನ್ನಷ್ಟಕ್ಕೆ ಕ್ರಮಬದ್ಧ, ತಾಳವೂ ಕ್ರಮಬದ್ಧ, ಎಲ್ಲಿಯೂ ಲಯಭಂಗವಿಲ್ಲ. ಆದರೂ ಎರಡೂ ಸೇರಿದ ಇಡಿಯಲ್ಲಿ ಯಾವ ಭಾಗವೂ ಇದ್ದ ಹಾಗೆಯೇ ಮರಳಿ ಬರುವುದಿಲ್ಲ.

ಕ್ಯಾಲವರೈಟಿನ ಒಳಗೆ ನಡೆದಿರುವುದು ಇಂತಹುದೇ. ಅಣುಗಳು, ವಿಶೇಷವಾಗಿ ಟೆಲ್ಯುರಿಯಂ ಅಣುಗಳು, ಜಾಲಕದ ತಮ್ಮ ಸ್ಥಾನಗಳಿಂದ ತುಸು ಸರಿದಿವೆ. ಆ ಸರಿಯುವಿಕೆ ಒಂದು ಅಲೆಯಂತೆ ಏರಿಳಿಯುತ್ತ ಹರಳಿನ ಉದ್ದಗಲಕ್ಕೂ ಹರಡಿದೆ. ಅಲೆಯ ಅಳತೆ ಜಾಲಕದ ಅಳತೆಯೊಂದಿಗೆ ಹೊಂದುವುದಿಲ್ಲ. ಶುಟ್ಟೆ ಮತ್ತು ಡಿ ಬೂರ್ 1988ರಲ್ಲಿ ನೀಡಿದ ವಿಶ್ಲೇಷಣೆಯಂತೆ, ಜಾಲಕದ ಎರಡು ವ್ಯುತ್ಕ್ರಮ ಅಕ್ಷಗಳನ್ನು ಆಧರಿಸಿ ಹೇಳುವುದಾದರೆ ಅಲೆಯ ಅಂಶಗಳು −0.4076 ಮತ್ತು 0.4479. ಇವು ಸರಳವಾದ ಭಿನ್ನರಾಶಿಗಳಲ್ಲ. ಅಲೆಯ ಗುಂಟ ಸಾಗಿದಂತೆ ಚಿನ್ನದ ನೆರೆಹೊರೆಯೂ ಬದಲಾಗುತ್ತದೆ. ಕೆಲವೆಡೆ ಎರಡು ಟೆಲ್ಯುರಿಯಂಗಳು ಮಾತ್ರ ಹತ್ತಿರದಲ್ಲಿರುತ್ತವೆ. ಕೆಲವೆಡೆ ನಾಲ್ಕು ಹತ್ತಿರ ಬರುತ್ತವೆ.

ಚಿನ್ನದ ಎರಡು ಸ್ವಭಾವಗಳು ಇಲ್ಲಿ ಸರದಿಯಂತೆ ಪ್ರಕಟವಾಗುತ್ತವೆಯೆಂದು ಶುಟ್ಟೆ ಮತ್ತು ಡಿ ಬೂರ್ ಅರ್ಥೈಸಿದರು. ಅನಂತರದ ರೋಹಿತ ಪರೀಕ್ಷೆಗಳಲ್ಲಿ ಎರಡು ಬಗೆಯ ಚಿನ್ನ ಸ್ಪಷ್ಟವಾಗಿ ಕಾಣಲಿಲ್ಲ. ಸ್ಟ್ರೆಲ್ಟ್‌ಸಾವ್, ಖೋಮ್‌ಸ್ಕಿ ಮೊದಲಾದವರು 2018ರಲ್ಲಿ ಪ್ರಕಟಿಸಿದ ಗಣನೆಗಳು ಈ ವಿರೋಧವನ್ನು ಬಹುಮಟ್ಟಿಗೆ ಪರಿಹರಿಸುತ್ತವೆ. ಅವುಗಳ ಪ್ರಕಾರ ಎಲೆಕ್ಟ್ರಾನುಗಳ ಏರುಪೇರಿನ ಭಾರವನ್ನು ಮುಖ್ಯವಾಗಿ ಹೊರುವುದು ಚಿನ್ನವಲ್ಲ, ಅದರ ಸುತ್ತಲಿರುವ ಟೆಲ್ಯುರಿಯಂ.

7. ನಾಲ್ಕನೆಯ ಸೂಚ್ಯಂಕ

ಜಾಲಕದೊಂದಿಗೆ ಹೊಂದದ ಅಲೆಗಳನ್ನು ಗಣಿತದ ಭಾಷೆಯಲ್ಲಿ ನಿರೂಪಿಸುವ ದಾರಿಯನ್ನು 1970ರ ದಶಕದಲ್ಲಿ ನೆದರ್ಲೆಂಡಿನ ಡಿ ವೊಲ್ಫ್, ಯಾನ್ನರ್ ಮತ್ತು ಯಾನ್ಸೆನ್ ತೆರೆದರು. ಮೂರು ಆಯಾಮಗಳ ಜಾಲಕಕ್ಕೆ ಅಲೆಗೆಂದು ಮತ್ತೊಂದು ಆಯಾಮವನ್ನು ಸೇರಿಸಿದರೆ, ಮೂರರಲ್ಲಿ ಕಾಣದ ಪುನರಾವರ್ತನೆ ನಾಲ್ಕರಲ್ಲಿ ಕಾಣುತ್ತದೆ. ಇದರಂತೆ ಪ್ರತಿ ವಿವರ್ತನ ಬಿಂದುವನ್ನೂ ನಾಲ್ಕು ಪೂರ್ಣಸಂಖ್ಯೆಗಳಿಂದ ಹೆಸರಿಸಬಹುದು. ಮೊದಲ ಮೂರು ಜಾಲಕಕ್ಕೆ, ನಾಲ್ಕನೆಯದು ಅಲೆಗೆ ಸಂಬಂಧಿಸಿದವು.

ಬಿಂದುಗಳಿಗೆ ಅನ್ವಯಿಸುವ ಈ ಕ್ರಮ ಮುಖಗಳಿಗೂ ಅನ್ವಯಿಸಬಹುದೆ ಎಂಬ ಪ್ರಶ್ನೆಗೆ ಉತ್ತರ ದೊರೆತುದು 1985ರಲ್ಲಿ. ಡಾಮ್, ಯಾನ್ನರ್ ಮತ್ತು ಡೊನ್ನೆ ಅವರು ಕ್ಯಾಲವರೈಟಿನ ಮುಖಗಳನ್ನು ನಾಲ್ಕು ಸೂಚ್ಯಂಕಗಳಿಂದ ಹೆಸರಿಸಿ ತೋರಿಸಿದರು. ಇವರಲ್ಲಿ ಡೊನ್ನೆ, ಜಾಲಕಕ್ಕೂ ಮುಖಗಳಿಗೂ ಇರುವ ಸಂಬಂಧದ ಪ್ರಸಿದ್ಧ ನಿಯಮವನ್ನು 1937ರಲ್ಲಿ ಹಾರ್ಕರ್‌ನೊಂದಿಗೆ ವಿಸ್ತರಿಸಿದ್ದ ವಿದ್ವಾಂಸ. ತಾನು ಬೆಳೆಸಿದ ನಿಯಮದ ಮಿತಿಯನ್ನು ತೋರಿಸುವ ಕಾರ್ಯದಲ್ಲಿ ಆತನೇ ಪಾಲುಗೊಂಡುದು ಸ್ಮರಣೀಯ. 1989ರಲ್ಲಿ ಯಾನ್ನರ್ ಮತ್ತು ಡಾಮ್ 1931ರ ಅಳತೆಗಳನ್ನೇ ಮರಳಿ ಕೈಗೆತ್ತಿಕೊಂಡು, ಹಳೆಯ ಪಟ್ಟಿಯ ಮುಖಗಳು ಸಣ್ಣ ಸೂಚ್ಯಂಕಗಳಲ್ಲಿ ಹೊಂದುವುದನ್ನು ನಿರೂಪಿಸಿದರು. ಭಾಗಲಬ್ಧ ಸೂಚ್ಯಂಕಗಳ ನಿಯಮ ಸುಳ್ಳಾಗಲಿಲ್ಲ. ಅದಕ್ಕೆ ಇನ್ನೊಂದು ಸಂಖ್ಯೆ ಬೇಕಾಗಿತ್ತು.

ಈ ಬೆಳವಣಿಗೆ ಒಂಟಿಯಾದುದಲ್ಲ. 1982ರಲ್ಲಿ ಶೆಕ್ಟ್‌ಮನ್ ಕಂಡ ಅರೆಸ್ಫಟಿಕಗಳೂ ಪುನರಾವರ್ತನೆಯಿಲ್ಲದ ಕ್ರಮಕ್ಕೆ ನಿದರ್ಶನ. ಅದಕ್ಕಾಗಿ ಆತನಿಗೆ 2011ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. 1992ರಲ್ಲಿ ಅಂತರರಾಷ್ಟ್ರೀಯ ಸ್ಫಟಿಕವಿಜ್ಞಾನ ಒಕ್ಕೂಟವು ಸ್ಫಟಿಕದ ಲಕ್ಷಣವನ್ನೇ ಬದಲಿಸಿತು. ಘಟಕದ ಪುನರಾವರ್ತನೆಯ ಬದಲು, ವಿವರ್ತನೆಯಲ್ಲಿ ಬಿಡಿಬಿಡಿಯಾದ ಸ್ಪಷ್ಟ ಬಿಂದುಗಳನ್ನು ನೀಡುವುದು ಸ್ಫಟಿಕದ ಗುರುತಾಯಿತು.

8. ಕೋಲಾರದ ನಂಟು

ಟೆಲ್ಯುರಿಯಂ ಖನಿಜಗಳ ಚರಿತ್ರೆಯಲ್ಲಿ ಕರ್ನಾಟಕಕ್ಕೂ ಸ್ಥಾನವಿದೆ. ಕೋಲಾರದ ಚಿನ್ನದ ಗಣಿಯ ಚಾಂಪಿಯನ್ ಅದಿರುಪಟ್ಟಿಯ ಮಾದರಿಗಳಲ್ಲಿ ಸೂಕ್ಷ್ಮ ಕಣಗಳಾಗಿದ್ದ ಎರಡು ಹೊಸ ಖನಿಜಗಳನ್ನು ಸೋವಿಯತ್ ಮತ್ತು ಭಾರತೀಯ ವಿಜ್ಞಾನಿಗಳು ಒಟ್ಟಾಗಿ ಗುರುತಿಸಿ 1985ರಲ್ಲಿ ವರ್ಣಿಸಿದರು. ಸೀಸ, ಟೆಲ್ಯುರಿಯಂ, ಕ್ಲೋರಿನ್‌ಗಳಿಂದಾದ ಈ ಖನಿಜಗಳಲ್ಲಿ ಒಂದು ‘ಕೋಲಾರೈಟ್’, ಮತ್ತೊಂದು ‘ರಾಧಾಕೃಷ್ಣೈಟ್’. ಎರಡನೆಯದು ಭಾರತೀಯ ಭೂವೈಜ್ಞಾನಿಕ ಸಂಘವನ್ನು ಕಟ್ಟಿ ಬೆಳೆಸಿದ ಬಿ.ಪಿ. ರಾಧಾಕೃಷ್ಣ (1918–2012) ಅವರ ಹೆಸರನ್ನು ಹೊತ್ತಿದೆ. ಅವರು ಕನ್ನಡದಲ್ಲಿಯೂ ಬರೆದವರೆಂಬುದು ಇಲ್ಲಿ ನೆನೆಯತಕ್ಕ ಸಂಗತಿ. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದವು. ಆ ಊರಿನ ಹೆಸರು ಖನಿಜಗಳ ಜಾಗತಿಕ ಪಟ್ಟಿಯಲ್ಲಿ ಉಳಿದಿದೆ.

9. ಸಮಾರೋಪ

ಕ್ಯಾಲವರೈಟಿನ ಅಧ್ಯಯನದಿಂದ ಹೊರಡುವ ಮುಖ್ಯ ಸಂಗತಿ ವಿಧಾನಕ್ಕೆ ಸಂಬಂಧಿಸಿದುದು. 1931ರ ಮೂವರು ವಿದ್ವಾಂಸರು ತಮ್ಮ ಪ್ರಶ್ನೆಗೆ ಉತ್ತರ ಕಾಣಲಿಲ್ಲ. ಆದರೆ ಉತ್ತರಕ್ಕೆ ಬೇಕಾದ ಸಾಮಗ್ರಿಯನ್ನು ಕೆಡಿಸದೆ ಉಳಿಸಿದರು. ನಿಯಮದ ಮೇಲಿನ ಗೌರವದಿಂದ ಅವರು ಹೊಂದದ ಮುಖಗಳನ್ನು ಕೈಬಿಟ್ಟಿದ್ದರೆ, ಅಥವಾ ಕೋನಗಳನ್ನು ತುಸು ತಿದ್ದಿ ಸರಳ ಸಂಖ್ಯೆಗಳಿಗೆ ಒಗ್ಗಿಸಿದ್ದರೆ, 1989ರ ಓದಿಗೆ ಆಧಾರವೇ ಇರುತ್ತಿರಲಿಲ್ಲ.

ಗ್ರಂಥಸಂಪಾದನೆಯಲ್ಲಿ ತೊಡಗಿದವರಿಗೆ ಈ ಮಾತು ಪರಿಚಿತವಾದುದು. ಛಂದಸ್ಸಿಗೆ ಹೊಂದದ, ವ್ಯಾಕರಣಕ್ಕೆ ಒಗ್ಗದ ಪಾಠವನ್ನು ಲಿಪಿಕಾರನ ಪ್ರಮಾದವೆಂದು ತಿದ್ದಿಬಿಡುವ ಪ್ರಲೋಭನೆ ಎಲ್ಲ ಕಾಲಕ್ಕೂ ಇರುವಂತಹುದು. ಕೆಲವೊಮ್ಮೆ ಅದು ಪ್ರಮಾದವೇ ಆಗಿರುತ್ತದೆ. ಆದರೆ ಒಂದೇ ಬಗೆಯ ‘ಪ್ರಮಾದ’ ಹಲವು ಓಲೆಯ ಪ್ರತಿಗಳಲ್ಲಿ ಮರಳಿ ಮರಳಿ ಬಂದರೆ, ಕ್ಯಾಲವರೈಟಿನ ಕೋನಗಳಂತೆ, ಅದು ಇನ್ನೂ ತಿಳಿಯದ ಒಂದು ಕ್ರಮದ ಗುರುತಾಗಿರಬಹುದು. ಅಡಿಟಿಪ್ಪಣಿಯಲ್ಲಿ ಪಾಠಾಂತರವನ್ನು ಉಳಿಸುವ ಸಂಪಾದಕ, ತಾನು ಅದನ್ನು ಒಪ್ಪದಿದ್ದರೂ, ಮುಂದಿನ ಓದುಗನ ಹಕ್ಕನ್ನು ಕಾಯುತ್ತಾನೆ. ಹೈಡೆಲ್‌ಬರ್ಗ್ ಮತ್ತು ಹಾರ್ವರ್ಡಿನ ಆ ವಿದ್ವಾಂಸರ ಕೋಷ್ಟಕಗಳು ಮಾಡಿದ ಕೆಲಸವೂ ಅದೇ. ಐವತ್ತೆಂಟು ವರ್ಷಗಳ ಅನಂತರ ಬಂದ ಓದುಗರಿಗೆ ಆ ಹರಳುಗಳನ್ನು ಮತ್ತೆ ಅಳೆಯುವ ಅಗತ್ಯ ಬೀಳಲಿಲ್ಲ.